ಮೂವತ್ತೇಳು ಚೆಂಡುಗಳ ಬೆಲೆ

ಸಾಂಬ್ರಾಣಿಯ ಬಯಲಿನಲ್ಲಾಗಲಿ ಬೆಂಗಳೂರಿನ ಕ್ರೀಡಾಂಗಣದಲ್ಲಾಗಲಿ, ಕ್ರಿಕೆಟ್ ಬಲ್ಲವರು ಕಲೆತಲ್ಲಿ ಒಂದು ವಾದ ತಪ್ಪಿದ್ದಲ್ಲ: ನಿರ್ಣಾಯಕ ಪಂದ್ಯದಲ್ಲಿ ಬೌಲರನ ಕೆಲಸವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಅಮೆರಿಕದ ಬೇಸ್‌ಬಾಲ್ ಆಟಕ್ಕೆ ಬಿಲ್ ಜೇಮ್ಸ್ ಎಂಬವರು ಇಂತಹದೊಂದು ಸೂತ್ರವನ್ನು ಕಟ್ಟಿಕೊಟ್ಟಿದ್ದಾರೆ. ಆಟವನ್ನಾರಂಭಿಸುವ ಎಸೆತಗಾರನಿಗೆ ಮೊದಲು 50 ಅಂಕ. ಔಟಾದ ಪ್ರತಿಯೊಬ್ಬನಿಗೂ ಒಂದನ್ನು ಕೂಡಿಸಬೇಕು, ಬಿಟ್ಟುಕೊಟ್ಟ ಹೊಡೆತಗಳಿಗೂ ಓಟಗಳಿಗೂ ಕಳೆಯಬೇಕು. ಇನ್ನೂ ಕೆಲವು ನಿಯಮಗಳುಂಟು. 1956ರ ವಿಶ್ವ ಸರಣಿಯಲ್ಲಿ ಡಾನ್ ಲಾರ್ಸೆನ್ ಎದುರಾಳಿಗಳ 27 ಮಂದಿಯಲ್ಲಿ ಒಬ್ಬನನ್ನೂ ಮೊದಲ ಬೇಸ್ ಮುಟ್ಟಗೊಡಲಿಲ್ಲ. ಆ ಆಟಕ್ಕೆ ಈ ಸೂತ್ರವು ಕೊಡುವುದು 94 ಅಂಕ.

ನಮ್ಮಲ್ಲಿ ಅದಕ್ಕೆ ಸಮನಾದ ಪ್ರಸಂಗವೆಂದರೆ 1993ರ ನವೆಂಬರ್ 27ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ನಡೆದ ಹೀರೋ ಕಪ್ ಫೈನಲ್. ಭಾರತದ ಮೊತ್ತ 225. ವೆಸ್ಟ್ ಇಂಡೀಸ್ 40.1 ಓವರುಗಳಲ್ಲಿ 123ಕ್ಕೆ ಕುಸಿಯಿತು. ಬೆಂಗಳೂರಿನ ಅನಿಲ್ ಕುಂಬ್ಳೆಯವರು 6.1 ಓವರುಗಳಲ್ಲಿ 12 ಓಟಗಳಿಗೆ 6 ವಿಕೆಟ್ ಪಡೆದರು.

ಲೆಕ್ಕವೆಂದೊಡನೆ ವಾಚಕರು ಪುಟ ಮಗುಚಬಾರದು. ಭಾಗಾಕಾರ ಬಂದರೆ ಸಾಕು. ಕುಂಬ್ಳೆಯವರದು 37 ಚೆಂಡು. ಉಳಿದವರದು 204 ಚೆಂಡು, 111 ಓಟ. ಉಳಿದವರ ಪ್ರಮಾಣದಲ್ಲಿ 37 ಚೆಂಡುಗಳಿಗೆ ಸುಮಾರು 20 ಓಟಗಳಾಗಬೇಕು. ಅಂದರೆ ಕುಂಬ್ಳೆಯವರು ಉಳಿಸಿದ್ದು ಎಂಟೇ ಓಟ! ಬೆಲೆಯಿರುವುದು ಅಲ್ಲಲ್ಲ, ವಿಕೆಟ್ಟುಗಳಲ್ಲಿ. ಉಳಿದ 204 ಚೆಂಡುಗಳಲ್ಲಿ ಬಿದ್ದುವು ನಾಲ್ಕು, 51 ಚೆಂಡಿಗೊಂದರಂತೆ. ಇವರ ಕೈಯಲ್ಲಿ ಆರು ಚೆಂಡಿಗೊಂದು.

ಇದು ಬರಿಯ ಅದೃಷ್ಟವಾಗಿರಬಹುದೇ? ಏಕದಿನ ಪಂದ್ಯಗಳಲ್ಲಿ ಕುಂಬ್ಳೆಯವರ ಜೀವಮಾನದ ಸರಾಸರಿ 43 ಚೆಂಡಿಗೊಂದು ವಿಕೆಟ್. 37 ಚೆಂಡುಗಳಲ್ಲಿ ನಿರೀಕ್ಷಿಸಬೇಕಾದುದು ಒಂದಕ್ಕಿಂತ ಕಡಿಮೆ. ವಿಕಿರಣಶೀಲ ಪದಾರ್ಥದಲ್ಲಿ ಒಂದು ಅವಧಿಯೊಳಗೆ ಎಷ್ಟು ಪರಮಾಣುಗಳು ಒಡೆದಾವೆಂಬುದನ್ನು ತಿಳಿಯಲು ಭೌತವಿಜ್ಞಾನಿಗಳು ಬಳಸುವ ಪ್ವಾಸೋನ್ ಸೂತ್ರವನ್ನು ಇಲ್ಲಿಗೂ ಹಚ್ಚಿದೆವು. ಆರು ಅಥವಾ ಹೆಚ್ಚು ವಿಕೆಟ್ ಬೀಳುವ ಸಂಭವ ಸುಮಾರು 3,700ರಲ್ಲಿ ಒಂದು. ಆದರೆ ಪರಮಾಣುಗಳೆಲ್ಲ ಒಂದೇ ಬಗೆಯವು, ದಾಂಡಿಗರು ಹಾಗಲ್ಲ. ಕೊನೆಯಲ್ಲಿ ಬರುವವರನ್ನು ಉರುಳಿಸುವುದು ಸುಲಭ. ಆದುದರಿಂದ ನಿಜವಾದ ಸಂಭವ ಇದಕ್ಕಿಂತ ಹೆಚ್ಚೇ ಇರಬೇಕು.

ಈ ಆರು ವಿಕೆಟ್ಟುಗಳ ಭಾರತೀಯ ದಾಖಲೆಯನ್ನು 2014ರಲ್ಲಿ ಮುರಿದವರೂ ಕನ್ನಡ ನಾಡಿನವರೇ. ಬಾಂಗ್ಲಾದೇಶದ ಮೀರ್‌ಪುರದಲ್ಲಿ ಸ್ಟುವರ್ಟ್ ಬಿನ್ನಿ 28 ಚೆಂಡುಗಳಲ್ಲಿ 4 ಓಟಕ್ಕೆ 6 ವಿಕೆಟ್ ಪಡೆದರು. ಅಂದು ಭಾರತ ಗಳಿಸಿದ್ದು 105 ಮಾತ್ರ. ಎದುರಾಳಿಗಳು 58ಕ್ಕೆ ಔಟಾದರು. ಅಷ್ಟು ಸಣ್ಣ ಮೊತ್ತವನ್ನು ಕಾಯುವಾಗ ಒಂದೊಂದು ವಿಕೆಟ್ಟಿಗೂ ಬೆಲೆ ಹೆಚ್ಚೆಂದು ಒಪ್ಪಲೇಬೇಕು. ಸರಣಿಯ ಪಂದ್ಯ ಸೋತರೆ ಇನ್ನೊಂದುಂಟು, ಫೈನಲ್ ಸೋತರೆ ಇಲ್ಲ. ಎದುರಿಗಿದ್ದ ದಾಂಡಿಗರ ಮಟ್ಟವೂ ಬೇರೆ. ಆದುದರಿಂದ ತಕ್ಕಡಿಯನ್ನು ನಮ್ಮ ಕೈಗೆ ಕೊಟ್ಟರೆ ಅದು ಕೂದಲೆಳೆಯಷ್ಟು ಕುಂಬ್ಳೆಯವರ ಕಡೆಗೇ ವಾಲುತ್ತದೆ.