ಊರಿನ ಉಪವಿಧಿ, ನಿಮ್ಮ ಮನೆಯ ಆರೋಗ್ಯ

ಬಿಸಿಲಿನಲ್ಲಿ ಬಸವಳಿದು ಬಂದು ಎಳನೀರು ಕುಡಿದಿರಿ. ಬುರುಡೆಯನ್ನು ಪಕ್ಕದ ರಾಶಿಗೆ ಎಸೆದು ಹೊರಟಿರಿ. ಒಂದು ಮಳೆ ಬಿದ್ದರೆ ಅದರಲ್ಲಿ ನೀರು ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟೇ ಸಾಕು. ಮೊಟ್ಟೆಯೊಡೆದು ಹಾರುವ ಸೊಳ್ಳೆಯಾಗಲು ಅದಕ್ಕೆ ಹಿಡಿಯುವುದು ಸುಮಾರು 7ರಿಂದ 10 ದಿನ. ಎಳನೀರಿನ ದೊಡ್ಡ ಮಾರುಕಟ್ಟೆಯಿರುವ ಮದ್ದೂರಿನಲ್ಲಾಗಲಿ, ಮಂಡ್ಯ, ಮಳವಳ್ಳಿಗಳ ರಸ್ತೆಬದಿಯಲ್ಲಾಗಲಿ ಬುರುಡೆಗಳಿಗೆ ಬರವಿಲ್ಲ.

ತೊಟ್ಟಿಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆಯಿರಿ, ಡ್ರಮ್ಮಿಗೆ ಮುಚ್ಚಳ ಹಾಕಿ ಎಂದು ವೈದ್ಯರು ಹೇಳುತ್ತಾರೆ. ನೀವು ಹಾಗೇ ಮಾಡುತ್ತೀರಿ. ಆದರೆ ಪಕ್ಕದ ಖಾಲಿ ನಿವೇಶನದಲ್ಲಿ ನಿಂತ ನೀರಿಗೆ, ಅರ್ಧ ಕಟ್ಟಿ ಬಿಟ್ಟ ಮನೆಯ ತೊಟ್ಟಿಗೆ ಏನು ಮಾಡುವಿರಿ? ಅಲ್ಲಿ ಹುಟ್ಟಿದ ಸೊಳ್ಳೆ ಹಗಲು ಹೊತ್ತಿನಲ್ಲೇ ಬಂದು ನಿಮ್ಮ ಮಗುವನ್ನು ಕಚ್ಚುತ್ತದೆ. ಇಂತಹ ಕಡೆ ಊರಿಗೆಲ್ಲ ಅನ್ವಯಿಸುವ ಕಟ್ಟಳೆ ಬೇಕು. ಅದೇ ಉಪವಿಧಿ. ಬಾಯಿಮಾತಿನಲ್ಲಿ ಬೈಲಾ.

ಮಾಡುವವರು ಯಾರು?

ನಗರಸಭೆ, ಪುರಸಭೆಗಳಿಗೆ ಉಪವಿಧಿ ಮಾಡುವ ಅಧಿಕಾರ ಕೊಟ್ಟಿರುವುದು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಪಟ್ಟಣಗಳ ಆಡಳಿತಕ್ಕೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿತು. ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಕಸ ವಿಲೇವಾರಿ ಅದರಲ್ಲಿವೆ.

ಮಾಡುವ ಬಗೆ ಹೇಗೆ?

ಮೊದಲು ಕರಡು ಸಿದ್ಧವಾಗುತ್ತದೆ. ಅದನ್ನು ಜನರ ತಿಳಿವಳಿಕೆಗಾಗಿ ಪ್ರಕಟಿಸಿ, ಇಂತಹ ದಿನದ ನಂತರ ಪರಿಶೀಲಿಸುತ್ತೇವೆ, ಆಕ್ಷೇಪಣೆ ಸಲಹೆಗಳಿದ್ದರೆ ತಿಳಿಸಿ ಎಂದು ಸೂಚನೆ ಹೊರಡಿಸುತ್ತಾರೆ. ಬಂದ ಅರ್ಜಿಗಳನ್ನು ನೋಡಿದ ಮೇಲೆ ಸಭೆ ತೀರ್ಮಾನಿಸುತ್ತದೆ. ಅನಂತರ ಸರ್ಕಾರದ ಮಂಜೂರಾತಿ, ರಾಜ್ಯಪತ್ರದಲ್ಲಿ ಪ್ರಕಟಣೆ. ಹಳೆಯ ಉಪವಿಧಿಯನ್ನು ತಿದ್ದಬೇಕಾದರೂ ಇದೇ ದಾರಿ. ಅಧ್ಯಕ್ಷರು ಮನಸ್ಸು ಮಾಡಿದ ಮಾತ್ರಕ್ಕೆ ಬೆಳಗಾಗುವುದರೊಳಗೆ ಅದು ಬದಲಾಗದು.

ಉಪವಿಧಿ ಮೇಲಿನ ಕಾನೂನನ್ನು ಮೀರುವಂತಿಲ್ಲ. ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿದ ರಾಜ್ಯ ಸರ್ಕಾರ, ಸೊಳ್ಳೆ ಬೆಳೆಯಲು ಬಿಡುವವರಿಗೆ 2024ರಲ್ಲಿ ದಂಡ ಗೊತ್ತುಪಡಿಸಿತು: ಪಟ್ಟಣದ ಮನೆಗೆ 400 ರೂಪಾಯಿ, ಖಾಲಿ ನಿವೇಶನ ಹಾಗೂ ಕಟ್ಟಡ ಕಾಮಗಾರಿಗೆ 2,000 ರೂಪಾಯಿ. ಅದು ರಾಜ್ಯದ ಪಟ್ಟಣಗಳಿಗೆಲ್ಲ ಒಂದೇ. ಆದರೆ ಬುರುಡೆಗಳನ್ನು ದಿನಕ್ಕೆ ಎಷ್ಟು ಬಾರಿ ಎತ್ತಬೇಕು, ಎತ್ತುವ ಖರ್ಚು ಯಾರದು, ಎಲ್ಲಿಗೆ ಸಾಗಿಸಬೇಕು ಎಂಬುದನ್ನು ಆಯಾ ಊರೇ ಬರೆದುಕೊಳ್ಳಬೇಕು. ಕಸದ ವಿಷಯದಲ್ಲಿ ಕೇಂದ್ರದ 2016ರ ನಿಯಮಗಳು ಕೂಡ ಇದನ್ನೇ ಕೇಳಿದ್ದವು: ಒಂದು ವರ್ಷದೊಳಗೆ ನಿಮ್ಮ ಉಪವಿಧಿ ಮಾಡಿಕೊಳ್ಳಿ ಎಂದು.

ನಿಮ್ಮ ಪಾಲು

ಈ ಮೆಟ್ಟಿಲುಗಳಲ್ಲಿ ನಿಮ್ಮ ಮಾತಿಗೆ ಜಾಗವಿರುವುದು ಕರಡಿನ ಹಂತದಲ್ಲಿ. ಆ ದಿನಗಳಲ್ಲಿ ಸುಮ್ಮನಿದ್ದು, ದಂಡದ ರಸೀದಿ ಕೈಗೆ ಬಂದಾಗ ಜಗಳಕ್ಕೆ ನಿಂತರೆ ಪ್ರಯೋಜನವಿಲ್ಲ. ಎಳನೀರು ಮಾರುವವರೂ ಆಗಲೇ ಹೇಳಬೇಕು: ರಾತ್ರಿ ಗಾಡಿ ಬಾರದಿದ್ದರೆ ಬುರುಡೆ ಎಲ್ಲಿಡಲಿ ಎಂದು. ಅವರ ಮಾತು ಕೇಳದೆ ಬರೆದ ಕಟ್ಟಳೆ ಕಾಗದದಲ್ಲೇ ಉಳಿಯುತ್ತದೆ.

ಆದ್ದರಿಂದ ಹೀಗೆ ಮಾಡಿ:

* ಕಚೇರಿಯ ಸೂಚನಾ ಫಲಕವನ್ನೂ ಪತ್ರಿಕೆಯ ಪ್ರಕಟಣೆಗಳನ್ನೂ ಆಗಾಗ ನೋಡಿ.
* ಆಕ್ಷೇಪಣೆಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಯಾವ ಬೀದಿ, ಏನು ತೊಂದರೆ, ಯಾವ ಸಾಲು ಬದಲಾಗಬೇಕು ಎಂದು ಸ್ಪಷ್ಟವಾಗಿ ಬರೆಯಿರಿ.
* ಕರಡೇ ಇಲ್ಲದಿದ್ದರೆ ವಾರ್ಡಿನ ಸದಸ್ಯರನ್ನು ಕೇಳಿ. ಚುನಾಯಿತ ಮಂಡಳಿ ಇಲ್ಲದ ಕಾಲದಲ್ಲಿ ಆಡಳಿತಾಧಿಕಾರಿಗೆ ಮನವಿ ಕೊಡಿ.

ಉಪವಿಧಿ ಬರುವವರೆಗೆ ಸೊಳ್ಳೆ ಕಾಯುವುದಿಲ್ಲ. ಇಂದೇ ಹಿತ್ತಲಿಗೆ ಹೋಗಿ ನೋಡಿ. ಬುರುಡೆ, ಟೈರು, ಒಡೆದ ಕುಡಿಕೆ ಕಂಡರೆ ನೀರು ಚೆಲ್ಲಿ ಬೋರಲು ಹಾಕಿ. ಮನೆಯಲ್ಲಿ ಯಾರಿಗಾದರೂ ಜ್ವರ ಎರಡು ದಿನ ಬಿಡದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.