ಸೌಂಡ್‌ಬಾಕ್ಸ್ ಮಾರುವ ಹುಡುಗನ ತಿಂಗಳ ಲೆಕ್ಕ

ಕಲಬುರಗಿ ಜಿಲ್ಲೆಯ ಚಿಂಚೋಳಿಯಿಂದ ಸೇಡಂಗೆ ಹೆಚ್ಚೂಕಡಿಮೆ 40 ಕಿ.ಮೀ. ಸೇಡಂನಿಂದ ಚಿತ್ತಾಪುರಕ್ಕೆ 25ರ ಮೇಲೆ. ಅಲ್ಲಿಂದ ವಾಡಿಗೆ 15, ವಾಡಿಯಿಂದ ಶಹಾಬಾದಿಗೆ 12. ಕೂಡಿಸಿದರೆ 90 ದಾಟುತ್ತದೆ. ದೊಡ್ಡ ಟೆಕ್ ಕಂಪನಿಯಲ್ಲಿ ಕೆಲಸ ಸಿಕ್ಕಿತು ಎಂದು ಇತ್ತೀಚೆಗೆ ಈ ಊರುಗಳ ಯಾವ ಹುಡುಗ ಹೇಳಿದರೂ ಬಹಳ ಸಲ ಆ ಕೆಲಸ ಇರುವುದು ಬೆಂಗಳೂರಿನ ಗಾಜಿನ ಕಟ್ಟಡದಲ್ಲಲ್ಲ, ಇದೇ ರಸ್ತೆಯ ಮೇಲೆ. ಬೆನ್ನಿಗೆ ಬ್ಯಾಗು, ಬ್ಯಾಗಿನಲ್ಲಿ ಕ್ಯೂಆರ್ ಸ್ಟಿಕ್ಕರ್‌ಗಳ ಕಟ್ಟು, ನಾಲ್ಕೈದು ಸೌಂಡ್‌ಬಾಕ್ಸ್. ಕೆಲಸದ ಹೆಸರು ಫೀಲ್ಡ್ ಸೇಲ್ಸ್ ಎಕ್ಸಿಕ್ಯುಟಿವ್.

ಈ ಕೆಲಸ ಹುಟ್ಟಿದ್ದಕ್ಕೆ ಕಾರಣ ಇದೆ. ಯುಪಿಐ ಶುರುವಾಗಿದ್ದು 2016ರ ಏಪ್ರಿಲ್‌ನಲ್ಲಿ. 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ವಸೂಲಿ ಮಾಡುವಂತಿಲ್ಲ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿಗೂ ಹೆಚ್ಚು ಯುಪಿಐ ವಹಿವಾಟು ನಡೆದರೂ ಹೀಗೆ ಖಾತೆಯಿಂದ ಸ್ಕ್ಯಾನ್ ಮಾಡಿ ಕೊಟ್ಟ ದುಡ್ಡಿನಲ್ಲಿ ಆ್ಯಪ್ ಕಂಪನಿಗೆ ಅಂಗಡಿಯಿಂದ ಬಿಡಿಗಾಸಿಲ್ಲ. ಹಾಗಾಗಿ ಆದಾಯದ ಒಂದು ದಾರಿಯಾಗಿ ಬಂದದ್ದು ದುಡ್ಡು ಬಂತೆಂದು ಕೂಗಿ ಹೇಳುವ ಸೌಂಡ್‌ಬಾಕ್ಸ್ ಎಂಬ ಡಬ್ಬಿ, ಅದರ ತಿಂಗಳ ಬಾಡಿಗೆ. 2025ರ ಮಾರ್ಚ್ ಹೊತ್ತಿಗೆ ಪೇಟಿಎಂ ಒಂದಕ್ಕೇ ಬಾಡಿಗೆ ಕಟ್ಟುವ ಯಂತ್ರಗಳು 1.24 ಕೋಟಿ ಇದ್ದವು. ಒಂದಕ್ಕೆ ತಿಂಗಳಿಗೆ 100 ರೂ. ಹಿಡಿದರೆ 124 ಕೋಟಿ ರೂ. ಬೆಂಗಳೂರಿನ ಫೋನ್‌ಪೇ ತನ್ನ ಸ್ಮಾರ್ಟ್‌ಸ್ಪೀಕರಿಗೆ ಕನ್ನಡದಲ್ಲಿ ಕಿಚ್ಚ ಸುದೀಪ್ ಅವರ ದನಿಯನ್ನೇ ಕೂಡಿಸಿತು. ಆದರೆ ಡಬ್ಬಿ ತಾನೇ ನಡೆದುಕೊಂಡು ವಾಡಿಯ ಕಿರಾಣಿ ಅಂಗಡಿಗೆ ಬರುವುದಿಲ್ಲ. ಯಾರೋ ಒಬ್ಬರು ತರಬೇಕು.

2021ರ ಜುಲೈನಲ್ಲಿ ಪೇಟಿಎಂ ದೇಶದಾದ್ಯಂತ 20,000 ಫೀಲ್ಡ್ ಸೇಲ್ಸ್ ಹುಡುಗ ಹುಡುಗಿಯರನ್ನು ತೆಗೆದುಕೊಳ್ಳುವುದಾಗಿ ಹೇಳಿತು. 18 ವರ್ಷ ಆಗಿರಬೇಕು, ಎಸ್ಸೆಸ್ಸೆಲ್ಸಿ, ಪಿಯುಸಿ ಅಥವಾ ಡಿಗ್ರಿ ಆಗಿದ್ದರೆ ಸಾಕು. ಸಂಬಳ, ಕಮಿಷನ್ ಕೂಡಿ 35,000 ರೂ. ಮತ್ತು ಅದಕ್ಕಿಂತ ಹೆಚ್ಚು ದುಡಿಯುವ ಅವಕಾಶ. ಇಂಥ ಕೆಲಸಕ್ಕೆ ಸಾಮಾನ್ಯವಾಗಿ ದ್ವಿಚಕ್ರ ವಾಹನ ಬೇಕು, ಊರ ಭಾಷೆ ಬರಬೇಕು. ಗಾಡಿ ಮತ್ತು ಭಾಷೆ, ಎರಡನ್ನೂ ಹುಡುಗನೇ ಮನೆಯಿಂದ ತರುತ್ತಾನೆ. ನಾನು ಹಾಕಲು ಹೊರಟಿರುವ ಲೆಕ್ಕ ಅದರದ್ದೇ.

ಮಾದರಿಗೆ ಒಬ್ಬ ಹುಡುಗನನ್ನು ಇಟ್ಟುಕೊಳ್ಳೋಣ. ಸೇಡಂನಲ್ಲಿ ಮನೆ, ಏರಿಯಾ ಚಿತ್ತಾಪುರ ಮತ್ತು ವಾಡಿ. ಆಫರ್ ಲೆಟರಿನಲ್ಲಿ ಸಿಟಿಸಿ (ಅವನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ವರ್ಷಕ್ಕೆ 2.47 ಲಕ್ಷ ರೂ. ಮನೆಯಲ್ಲಿ ಅಪ್ಪ ಅದನ್ನು 12ರಿಂದ ಭಾಗಿಸಿ ತಿಂಗಳಿಗೆ 20,600 ಅಂದುಕೊಳ್ಳುತ್ತಾರೆ. ಆದರೆ ಅದರಲ್ಲಿ ಕಂಪನಿ ಕಟ್ಟುವ ಪಿಎಫ್ 1,440, ಇಎಸ್‌ಐ 585, ಗ್ರಾಚ್ಯುಟಿ ಎಂದು ತೆಗೆದಿಡುವ 577 ಸೇರಿವೆ. ಇವು ಹೋಗಿ ಉಳಿಯುವ ಒಟ್ಟು ಸಂಬಳ 18,000, ಅದರಲ್ಲಿ ಬೇಸಿಕ್ 12,000. ಹುಡುಗನ ಪಾಲಿನ ಪಿಎಫ್ ಶೇ. 12, ಅಂದರೆ 1,440. ಇಎಸ್‌ಐ ಶೇ. 0.75, ಅಂದರೆ 135. ರಾಜ್ಯದಲ್ಲಿ 25,000ದ ಒಳಗಿನ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ. ಬ್ಯಾಂಕಿಗೆ ಬೀಳುವುದು 16,425 ರೂ.

ಇಲ್ಲಿವರೆಗೆ ಬೆಂಗಳೂರಾದರೂ ಸೇಡಂ ಆದರೂ ಲೆಕ್ಕ ಒಂದೇ. ಬೇರೆಯಾಗುವುದು ಗಾಡಿಗೆ ಕಿಕ್ ಹೊಡೆದ ಮೇಲೆ.

ಸೇಡಂನಿಂದ ವಾಡಿಗೆ ಹೋಗಿ ಬರುವುದು 80 ಕಿ.ಮೀ. ಪೆಟ್ರೋಲ್ ಲೀಟರಿಗೆ 103 ರೂ. ಎಂದು ಹಿಡಿದು, ಗಾಡಿ 50 ಕಿ.ಮೀ. ಕೊಟ್ಟರೆ ಹೆಚ್ಚೂಕಡಿಮೆ ಕಿಲೋಮೀಟರಿಗೆ 2 ರೂ. ಆಯಿಲ್, ಟಯರ್, ಬ್ರೇಕ್ ಶೂ, ಚೈನು, ಇನ್ಶೂರೆನ್ಸ್‌ಗೆ ಇನ್ನೊಂದು ರೂಪಾಯಿ ಇಡಿ. ದಿನಕ್ಕೆ 240 ರೂ., 26 ದಿನಕ್ಕೆ 6,240 ರೂ. ಕೈಯಲ್ಲಿ ಉಳಿದದ್ದು 10,185. ಮಧ್ಯಾಹ್ನದ ಊಟ, ಎರಡು ಚಹಾ ದಿನಕ್ಕೆ 80ರಂತೆ 2,080. ಮೊಬೈಲ್ ರೀಚಾರ್ಜ್ 350. ಈಗ 7,755. ಪೆಟ್ರೋಲ್ ಅಲೋಯನ್ಸ್ ಎಂದು ಸಾರಾಸಗಟು 2,000 ಕೊಟ್ಟರೆ 9,755.

2025-26ರಲ್ಲಿ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂ. ಇತ್ತು. 26 ದಿನ ಕೆಲಸ ಸಿಕ್ಕಿತೆಂದು ಗುಣಿಸಿದರೆ 9,620. ಡಿಗ್ರಿ ಮುಗಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು, ಸ್ವಂತ ಗಾಡಿ ಸವೆಸಿದವನಿಗೆ ಅದಕ್ಕಿಂತ 135 ರೂ. ಹೆಚ್ಚು.

ಇದೇ ಸಂಬಳದಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೀಟ್ ಸಿಕ್ಕವನು ದಿನಕ್ಕೆ 20 ಕಿ.ಮೀ. ಓಡಿಸಿದರೆ ಗಾಡಿ ಖರ್ಚು 1,560. ಇಬ್ಬರ ನಡುವೆ ತಿಂಗಳಿಗೆ 4,680 ರೂ., ವರ್ಷಕ್ಕೆ 56,160 ರೂ. ವ್ಯತ್ಯಾಸ. ಬೆಂಗಳೂರಿನಲ್ಲಿ ಬಾಡಿಗೆ ಹೆಚ್ಚು, ಒಪ್ಪುತ್ತೇನೆ. ಆದರೆ ಬಾಡಿಗೆ ಅವನು ಬದುಕುವ ಖರ್ಚು. ಈ 6,240 ಕಂಪನಿಯ ಕೆಲಸದ ಖರ್ಚು.

ಟಾರ್ಗೆಟ್ಟಿನ ಮಾತು ಇದಕ್ಕಿಂತ ಮುಖ್ಯ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 4,381 ಜನ, ಕಲಬುರಗಿ ಜಿಲ್ಲೆಯಲ್ಲಿ 234. ಹದಿನೆಂಟು ಪಟ್ಟಿಗೂ ಹೆಚ್ಚಿನ ಅಂತರ. ಜನ ಇದ್ದಲ್ಲಿ ಅಂಗಡಿ. ಚಿಕ್ಕಪೇಟೆಯ ಒಂದು ಗಲ್ಲಿಯಲ್ಲಿ ಸಿಗುವಷ್ಟು ಅಂಗಡಿ ಹಿಡಿಯಲು ಇಲ್ಲಿ ಮೂರು ಊರು ತಿರುಗಬೇಕು, ಅದೂ ಮೇ ತಿಂಗಳಲ್ಲಿ, 42 ಡಿಗ್ರಿ ಬಿಸಿಲಿನಲ್ಲಿ, ತೊಗರಿ ಹೊಲಗಳ ನಡುವಿನ ನೆರಳಿಲ್ಲದ ರಸ್ತೆಯಲ್ಲಿ. ಇಷ್ಟಿದ್ದೂ ದಿನಕ್ಕೆ ಇಷ್ಟು ಅಂಗಡಿ ಎಂಬ ಸಂಖ್ಯೆ ಎಲ್ಲರಿಗೂ ಒಂದೇ ಆಗಿದ್ದರೆ ಆ ಟಾರ್ಗೆಟ್ ಹುಡುಗನ ಶ್ರಮ ಅಳೆಯುತ್ತಿಲ್ಲ, ಅವನ ಊರು ಎಷ್ಟು ವಿರಳ ಎಂಬುದನ್ನು ಅಳೆಯುತ್ತಿದೆ.

ವಾಡಿ ಸ್ಟೇಷನ್ ಕಡೆಯ ಒಂದು ಕಿರಾಣಿ ಅಂಗಡಿಯಲ್ಲಿ ಇಂಥ ಹುಡುಗನೊಬ್ಬ ನಿಂತದ್ದನ್ನು ನೋಡಿದ್ದೇನೆ. ಮೊದಲು ಅವನು ಮಾಡಿದ ಕೆಲಸ ಕರ್ಚೀಫ್ ಒದ್ದೆ ಮಾಡಿ ಗಲ್ಲಾದ ಗಾಜು ಒರೆಸಿದ್ದು. ಸಿಮೆಂಟ್ ಕಾರ್ಖಾನೆಯ ಧೂಳು ಕೂತ ಗಾಜಿಗೆ ಸ್ಟಿಕ್ಕರ್ ಅಂಟುವುದಿಲ್ಲ, ಅಂಟಿದರೂ ವಾರದಲ್ಲಿ ಅಂಚು ಏಳುತ್ತದೆ. ಅದನ್ನು ಯಾವ ಟ್ರೈನಿಂಗ್‌ನಲ್ಲೂ ಹೇಳಿಕೊಟ್ಟಿರಲಿಕ್ಕಿಲ್ಲ.

"ಬಾಡಿಗಿ ಎಷ್ಟು ಅದ ಅಂತ ಮೊದ್ಲ ಹೇಳಪಾ."

"ತಿಂಗಳಿಗಿ ನೂರಾ ಇಪ್ಪತ್ತೈದ್ರಿ ಕಾಕಾ."

"ವರ್ಷಕ್ಕ ಹದಿನೈದ್ ನೂರ ಆಯ್ತಲ್ಲ! ಮೊಬೈಲ್‌ನಾಗ ಮೆಸೇಜ್ ಬರ್ತದ. ನನಗ್ಯಾಕ ಬೇಕದು?"

"ಗದ್ಲ ಇದ್ದಾಗ ಮೆಸೇಜ್ ಯಾರ್ ನೋಡ್ತೀರಿ ಕಾಕಾ? ಡ್ಯೂಟಿ ಬಿಟ್ಟಾಗ ಹತ್ತು ಮಂದಿ ಒಮ್ಮಿಗೇ ಬರ್ತಾರ."

ಆಮೇಲೆ ಬಂದದ್ದು ನೋಟಿಸಿನ ಭಯ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳು ಕ್ಯೂಆರ್ ಕಿತ್ತು 'ಕ್ಯಾಶ್ ಮಾತ್ರ' ಎಂದು ಬರೆದು ತೂಗುಹಾಕಿದ್ದವು. ಆ ಸುದ್ದಿ ಇಲ್ಲಿಗೂ ಬಂದಿದೆ. ಹುಡುಗ ಮೊಬೈಲ್ ತೆಗೆದು ಲೆಕ್ಕ ತೋರಿಸಿದ. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಅಂದರೆ ದಿನಕ್ಕೆ 10,959 ರೂ. ವ್ಯಾಪಾರ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಪಾನ್ ಕಾರ್ಡ್ ಹುಡುಕಲು ಒಳಗೆ ಹೋದರು. ಅಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಅವನು ಕಾಕಾನ ಜೊತೆ ಕನ್ನಡ, ಸರಕು ಇಳಿಸುತ್ತಿದ್ದವನ ಜೊತೆ ದಖನಿ, ಫೋನಿನಲ್ಲಿ ತೆಲಂಗಾಣದ ತಾಂಡೂರಿನ ಯಾರದೋ ಜೊತೆ ತೆಲುಗು ಮಾತಾಡಿದ. ಟೀಮ್ ಲೀಡರ್ ಜೊತೆ ಹಿಂದಿ. ನಾಲ್ಕು ಭಾಷೆಯನ್ನು ಹೀಗೆ ಸಲೀಸಾಗಿ ಆಡುವವರನ್ನು ತಯಾರಿಸಲು ಯಾವ ಕಂಪನಿಗೂ ಆಗುವುದಿಲ್ಲ. ಈ ಗಡಿನಾಡು ತಯಾರಿಸಿಕೊಡುತ್ತದೆ. ಸಂಬಳದ ಚೀಟಿಯಲ್ಲಿ ಅದಕ್ಕೊಂದು ಸಾಲು ಇರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಇದು ಬೇಡ ಎಂದವರು ವಾಡಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುತ್ತಾರೆ, ಇಲ್ಲವೆ 1874ರಿಂದ ಇರುವ ಸಿಕಂದರಾಬಾದ್ ಲೈನಿನಲ್ಲಿ ಹೈದರಾಬಾದಿಗೆ. ಅಲ್ಲಿನ ಸೇಲ್ಸ್ ಕೆಲಸದ ಅಂಕಿ ಇನ್ನೂ ದೊಡ್ಡದು. ಆನ್‌ಲೈನ್ ಪಾಠ ಮಾರುತ್ತಿದ್ದ ಬೈಜೂಸ್ ಕಂಪನಿಯ ಬಿಸಿನೆಸ್ ಡೆವಲಪ್‌ಮೆಂಟ್ ಅಸೋಸಿಯೇಟ್ ಹುದ್ದೆಗೆ ಕಾಲೇಜು ಹುಡುಗರ ಕಿವಿಗೆ ಬಿದ್ದದ್ದು ವರ್ಷಕ್ಕೆ 10 ಲಕ್ಷ. ಅದರಲ್ಲಿ ಖಾಯಂ 7, ಮಾರಿದರೆ ಮಾತ್ರ ಸಿಗುವುದು 3. 2022ರ ಅಕ್ಟೋಬರಿನಲ್ಲಿ ಆ ಕಂಪನಿ 50,000 ನೌಕರರಲ್ಲಿ 2,500 ಜನರನ್ನು ತೆಗೆಯುವುದಾಗಿ ಹೇಳಿತು. 2024ರ ಜುಲೈನಲ್ಲಿ ಬಿಸಿಸಿಐ ಬಾಕಿಯ ಪ್ರಕರಣದಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಮೊತ್ತ ಎಷ್ಟೇ ದೊಡ್ಡದಿರಲಿ, ಮೊದಲು ಕೇಳಬೇಕಾದದ್ದು ಖಾಯಂ ಎಷ್ಟು ಎಂಬುದನ್ನೇ.

ಇಲ್ಲಿನ ಹುಡುಗ ಇನ್ನೂ ಒಂದು ಪ್ರಶ್ನೆ ಕೇಳಬೇಕು: ಕಿಲೋಮೀಟರಿಗೆ ಎಷ್ಟು? ಬೆಳಿಗ್ಗೆ ಮೊದಲ ಅಂಗಡಿಯ ಮುಂದೆ ನಿಂತು ಸೆಲ್ಫಿ ಹಾಕಿದರಷ್ಟೇ ಹಾಜರಿ ಬೀಳುವ ಆ್ಯಪ್ ಅವನ ಮೊಬೈಲಿನಲ್ಲಿದ್ದರೆ, ಅವನು ಎಲ್ಲಿದ್ದಾನೆ ಎಂಬುದು ಆ ಆ್ಯಪಿಗೆ ಗೊತ್ತು. ಎಷ್ಟು ದೂರ ಬಂದ ಎಂಬುದನ್ನು ಲೆಕ್ಕ ಹಾಕಲು ಹೊಸ ತಂತ್ರಜ್ಞಾನವೇನೂ ಬೇಡ. ಕಿಲೋಮೀಟರಿಗೆ 3 ರೂ. ಕೊಟ್ಟರೆ ಸೇಡಂ ಹುಡುಗನಿಗೆ 2,000 ಅಲ್ಲ, 6,240 ಬರುತ್ತದೆ. ಅವನ ತಿಂಗಳು 9,755ರ ಬದಲು 13,995 ಆಗುತ್ತದೆ. ಕಂಪನಿಗೆ ಬೀಳುವ ಹೆಚ್ಚಿನ ಹೊರೆ 4,240. ತಿಂಗಳಿಗೆ 125 ರೂ. ಬಾಡಿಗೆಯ 34 ಡಬ್ಬಿ ಅಂಗಡಿಗಳಲ್ಲಿ ನಿಂತರೆ ಅಷ್ಟು ಬಾಡಿಗೆ ಬರುತ್ತದೆ.

ವಾಡಿಯ ಆ ಅಂಗಡಿಯಲ್ಲಿ ಡಬ್ಬಿ ಆನ್ ಆದ ಮೇಲೆ ಹುಡುಗ ತನ್ನ ಮೊಬೈಲಿನಿಂದಲೇ ಸ್ಕ್ಯಾನ್ ಮಾಡಿ ಪರೀಕ್ಷೆಗೆಂದು 1 ರೂ. ಕಳಿಸಿದ. ಸಿಗ್ನಲ್ ಸಿಗಲಿಲ್ಲ. ಡಬ್ಬಿಯನ್ನು ಕಿಟಕಿ ಕಡೆ ಸರಿಸಿ ಮತ್ತೊಂದು ರೂಪಾಯಿ ಕಳಿಸಿದ. ಒಂದು ರೂಪಾಯಿ ಬಂತೆಂದು ಅದು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿತು. ಕಾಕಾ ನಕ್ಕು, ಒಂದು ಚಹಾ ತರಿಸಿದರು. ಅವನು ನಿಂತಲ್ಲೇ ಕುಡಿದು ಗಾಡಿ ಹತ್ತಿದ. ಗಂಟೆ ಮೂರೂವರೆ, ಮನೆ ಇನ್ನೂ 40 ಕಿ.ಮೀ.