ಪ್ರಯೋಗಾಲಯದಲ್ಲಿ ಬೆಳೆಯುತ್ತಿರುವ ಜೀವಂತ ಡಿಸ್ಕ್

ಬೆನ್ನುನೋವಿಗೆಂದು ಎಂಆರ್‌ಐ ಮಾಡಿಸಿಕೊಂಡವರಲ್ಲಿ ಬಹಳ ಮಂದಿಗೆ ‘ಎಲ್4–ಎಲ್5’ ಎಂಬ ಒಕ್ಕಣೆ ಬಾಯಿಪಾಠವಾಗಿರುತ್ತದೆ. ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಗಳ ನಡುವಿನ ಡಿಸ್ಕ್ ಅದು. ಫಿಲ್ಮನ್ನು ಬೆಳಕಿಗೆ ಹಿಡಿದರೆ ಗಟ್ಟಿಮುಟ್ಟಾದ ಡಿಸ್ಕ್‌ಗಳ ನಡುಭಾಗ ಬೆಳ್ಳಗೆ ಕಾಣುತ್ತದೆ, ನೀರು ಆರಿಹೋದದ್ದು ಕಪ್ಪಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟನೋವಿತ್ತು. ಎಲ್ಲ ನೋವಿಗೂ ಡಿಸ್ಕೇ ಕಾರಣವಲ್ಲ. ಡಿಸ್ಕ್ ಜಾರಿದವರಲ್ಲೂ ಹೆಚ್ಚಿನವರ ನೋವು ಆಪರೇಷನ್ ಇಲ್ಲದೆ ಕೆಲವು ವಾರಗಳಲ್ಲಿ ತಗ್ಗುತ್ತದೆ. ತಗ್ಗದೆ ಉಳಿದವರ ಪಾಡು ಮಾತ್ರ ಕಷ್ಟದ್ದು.

ಅವರಿಗೆ ಇವತ್ತು ವೈದ್ಯರು ಕೊಡಬಲ್ಲ ದಾರಿಗಳು ಕೆಲವೇ. ನರವನ್ನು ಒತ್ತುತ್ತಿರುವ ಚೂರನ್ನು ತೆಗೆದುಹಾಕುವುದು ಒಂದು. ಡಿಸ್ಕನ್ನೇ ತೆಗೆದು, ಮೇಲಿನ ಕೆಳಗಿನ ಮೂಳೆಗಳನ್ನು ಸ್ಕ್ರೂ, ರಾಡ್ ಹಾಕಿ ಬೆಸೆದುಬಿಡುವುದು ಇನ್ನೊಂದು. ಬೆಸೆದ ಜಾಗ ಮತ್ತೆ ಬಾಗುವುದಿಲ್ಲ. ಅದರ ಪಾಲಿನ ಕೆಲಸ ಅಕ್ಕಪಕ್ಕದ ಡಿಸ್ಕ್‌ಗಳ ಮೇಲೆ ಬೀಳುತ್ತದೆ. ಬಾಗುವಿಕೆಯನ್ನು ಉಳಿಸಬೇಕೆಂದು ಲೋಹ ಮತ್ತು ಪ್ಲಾಸ್ಟಿಕ್ಕಿನ ಕೃತಕ ಡಿಸ್ಕ್ ಬಂತು. 1984ರಲ್ಲಿ ಪೂರ್ವ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಅಂಥದೊಂದನ್ನು ಮೊದಲು ಕೂರಿಸಿದರು. ಅದನ್ನು ರೂಪಿಸಿದವರಲ್ಲಿ ಒಬ್ಬರು ಕರಿನ್ ಬ್ಯೂಟ್ನರ್-ಯಾನ್ಸ್. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್‌ನ ಎರಡು ಚಿನ್ನ ಗೆದ್ದ ಹುಡುಗಿ ಮುಂದೆ ಮೂಳೆ ವೈದ್ಯೆಯಾಗಿ ಬೆನ್ನಿನ ಬಾಗುವಿಕೆಗಾಗಿ ದುಡಿದದ್ದು ನನಗೆ ಬಹಳ ಹಿಡಿಸಿದ ಸಂಗತಿ. ಆದರೆ ಲೋಹ ಎಷ್ಟೇ ನಯವಾಗಿದ್ದರೂ ಸವೆದದ್ದನ್ನು ತಾನೇ ತುಂಬಿಕೊಳ್ಳಲಾರದು. ಆ ಕೆಲಸ ಜೀವಕೋಶಗಳಿಂದಲೇ ಆಗಬೇಕು.

ಹಾಗಾದರೆ ಡಿಸ್ಕನ್ನೇ ಬೆಳೆಸಬಹುದೇ? ಅಮೆರಿಕದ ಎರಡು ತಂಡಗಳು ವರ್ಷಗಳಿಂದ ಇದರ ಹಿಂದೆ ಬಿದ್ದಿವೆ. ಕೆಲಸ ಎಷ್ಟು ಸೂಕ್ಷ್ಮ ಎಂದು ತಿಳಿಯಲು ಡಿಸ್ಕಿನ ರಚನೆ ನೋಡಬೇಕು. ನಡುವೆ ನೀರು ಹೀರಿಕೊಂಡು ಉಬ್ಬಿದ ಲೋಳೆಯ ತಿರುಳು. ಅದರ ಸುತ್ತ ಈರುಳ್ಳಿಯಂತೆ ಪದರದ ಮೇಲೆ ಪದರವಾಗಿ ಕೊಲಾಜನ್ ನಾರಿನ ಉಂಗುರ. ಒಂದು ಪದರದ ನಾರು ಸುಮಾರು 30 ಡಿಗ್ರಿ ಓರೆಯಾಗಿ ಎಡಕ್ಕೆ ಹೋದರೆ ಮುಂದಿನ ಪದರದ್ದು ಅಷ್ಟೇ ಓರೆಯಾಗಿ ಬಲಕ್ಕೆ. ನಾವು ಬಗ್ಗಿ, ತಿರುಗಿ, ಭಾರ ಎತ್ತಿದರೂ ತಿರುಳು ಹೊರಗೆ ಚಿಮ್ಮದಂತೆ ತಡೆಯುವುದು ಈ ಓರೆಯೇ.

ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದ ಎಂಜಿನಿಯರ್ ಲಾರೆನ್ಸ್ ಬೊನಾಸ್ಸರ್ ಮತ್ತು ನರಶಸ್ತ್ರಚಿಕಿತ್ಸಕ ರೋಜರ್ ಹಾರ್ಟಲ್ ಅವರ ತಂಡ ಉಂಗುರವನ್ನು ಕಟ್ಟುವ ಕೆಲಸವನ್ನು ಜೀವಕೋಶಗಳಿಗೇ ಬಿಟ್ಟಿತು. ಸಮುದ್ರಪಾಚಿಯಿಂದ ತೆಗೆದ ಆಲ್ಜಿನೇಟ್ ಲೋಳೆಯಲ್ಲಿ ಡಿಸ್ಕಿನ ಕೋಶಗಳನ್ನು ಬೆರೆಸಿ ತಿರುಳನ್ನು ಮಾಡಿದರು. ಅದರ ಸುತ್ತ ಕೋಶ ಬೆರೆತ ಕೊಲಾಜನ್ ಸುರಿದರು. ಕೋಶಗಳು ಕೊಲಾಜನ್ನನ್ನು ತಮ್ಮತ್ತ ಎಳೆದುಕೊಂಡಂತೆ ಅದು ಕುಗ್ಗುತ್ತದೆ. ನಡುವಿನ ತಿರುಳು ಜಾಗ ಬಿಡದ್ದರಿಂದ ನಾರುಗಳು ವಿಧಿಯಿಲ್ಲದೆ ಅದರ ಸುತ್ತ ವರ್ತುಲವಾಗಿ ಸಾಲುಗಟ್ಟುತ್ತವೆ. ಇಂಥ ಡಿಸ್ಕ್ ಇಲಿಯ ಬಾಲದಲ್ಲಿ ಆರು ತಿಂಗಳು ತನ್ನ ಎತ್ತರ ಉಳಿಸಿಕೊಂಡಿತೆಂದು 2011ರಲ್ಲಿ ವರದಿಯಾಯಿತು. ಮುಂದೆ ಬೀಗಲ್ ನಾಯಿಗಳ ಕತ್ತಿನಲ್ಲಿ ಕೂರಿಸಿದಾಗ ಕೆಲವು ನೆಲೆ ನಿಂತವು, ಕೆಲವು ಜಾಗ ಬಿಟ್ಟು ಸರಿದವು.

ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಮಾಕ್, ಸಾರಾ ಗುಲ್‌ಬ್ರಾಂಡ್ ಮತ್ತು ಸಂಗಡಿಗರು ಹಿಡಿದದ್ದು ನೇಯ್ಗೆಯ ದಾರಿ. ಪಾಲಿಮರ್ ದ್ರಾವಣಕ್ಕೆ ಅಧಿಕ ವೋಲ್ಟೇಜ್ ಕೊಟ್ಟು ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಎಳೆದು, ತಿರುಗುವ ಉರುಳೆಯ ಮೇಲೆ ಹಾಳೆಯಾಗಿ ಸುತ್ತುತ್ತಾರೆ. ಹಾಳೆಯನ್ನು ಓರೆಯಾಗಿ ಪಟ್ಟಿ ಕತ್ತರಿಸಿ, ಒಂದರ ಎಳೆ ಎಡಕ್ಕೆ, ಇನ್ನೊಂದರದು ಬಲಕ್ಕೆ ಬರುವಂತೆ ಉಂಗುರ ಸುತ್ತಿದರೆ ಪ್ರಕೃತಿಯ ಆ ಓರೆ ಕೈಗೆ ಸಿಕ್ಕಂತೆ. ನಡುವೆ ಕೋಶ ಬೆರೆತ ಲೋಳೆ, ಮೇಲೂ ಕೆಳಗೂ ಮೂಳೆಗೆ ಅಂಟಿಕೊಳ್ಳಲು ರಂಧ್ರಮಯ ಫೋಮಿನ ತಟ್ಟೆ. ಇದನ್ನು ಪೋಷಕ ದ್ರವದಲ್ಲಿ ವಾರಗಟ್ಟಲೆ ಬೆಳೆಸುತ್ತಾರೆ. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇಂಥ ಡಿಸ್ಕ್ ಇಲಿಗಳಲ್ಲಿ 20 ವಾರ, ಮೇಕೆಯ ಕತ್ತಿನಲ್ಲಿ 8 ವಾರ ಇತ್ತು. ಮೇಕೆಯನ್ನು ಆರಿಸಿದ್ದಕ್ಕೆ ಕಾರಣವಿದೆ: ಅದು ಕತ್ತನ್ನು ನಮ್ಮಂತೆಯೇ ಹೆಚ್ಚುಕಡಿಮೆ ನೆಟ್ಟಗೆ ಹಿಡಿಯುತ್ತದೆ, ಅದರ ಡಿಸ್ಕಿನ ಅಳತೆಯೂ ಮನುಷ್ಯರದರ ಹತ್ತಿರ. ಒತ್ತಡ ಹಾಕಿ ಪರೀಕ್ಷಿಸಿದಾಗ ಬೆಳೆಸಿದ ಡಿಸ್ಕ್ ಮೇಕೆಯ ಸ್ವಂತ ಡಿಸ್ಕಿಗೆ ಕಡಿಮೆಯಿಲ್ಲದಂತೆ ತಡೆದುಕೊಂಡಿತು.

ಇದು ದೊಡ್ಡ ಸಾಧನೆಯೇ. ಆದರೂ ಅಸಲಿ ಪರೀಕ್ಷೆ ಮುಂದಿದೆ ಎಂದೇ ನನಗನ್ನಿಸುತ್ತದೆ. ವಯಸ್ಕರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳು ಹೋಗುವುದಿಲ್ಲ. ಆಹಾರ, ಆಮ್ಲಜನಕ ಎರಡೂ ಮೇಲಿನ ಕೆಳಗಿನ ಕಶೇರುಗಳ ಅಂಚಿನ ತಟ್ಟೆಗಳ ಮೂಲಕ ನಿಧಾನವಾಗಿ ಇಂಗಿ ಬರಬೇಕು. ಆರೋಗ್ಯವಂತ ಮೇಕೆಯಲ್ಲಿ ಅದು ಸಲೀಸು. ಆದರೆ ಈ ಡಿಸ್ಕ್ ಬೇಕಾಗಿರುವುದು ಐವತ್ತು ದಾಟಿದ, ತಟ್ಟೆಗಳು ಗಡುಸಾದ ಬೆನ್ನಿಗೆ. ಅಲ್ಲಿ ಹೊಸ ಕೋಶಗಳಿಗೆ ಹೊಟ್ಟೆ ತುಂಬುತ್ತದೆಯೇ, ಎರಡು ಕಾಲಿನ ಮೇಲೆ ನಿಂತ ದೇಹದ ಭಾರವನ್ನು ಡಿಸ್ಕ್ ವರ್ಷಗಟ್ಟಲೆ ಹೊರುತ್ತದೆಯೇ ಎನ್ನುವುದನ್ನು ಮೇಕೆಯಲ್ಲಿ ನಡೆದ ಎಂಟು ವಾರದ ಪರೀಕ್ಷೆ ಹೇಳಲಾರದು.

ಆದ್ದರಿಂದ ಇದು ಇವತ್ತು ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆಯಲ್ಲ. ಈ ಮಾತನ್ನು ಒತ್ತಿ ಹೇಳಲೇಬೇಕು. ಏಕೆಂದರೆ ‘ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ಡಿಸ್ಕ್ ಮರಳಿ ಬೆಳೆಯುತ್ತದೆ’ ಎಂಬ ಜಾಹೀರಾತುಗಳು ನೋವಿನಲ್ಲಿರುವವರನ್ನೇ ಹುಡುಕಿಕೊಂಡು ಬರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟು, ಕ್ಲಿನಿಕಲ್ ಟ್ರಯಲ್‌ನ ಹೊರಗೆ ರೋಗಿಗಳಿಗೆ ಸ್ಟೆಮ್ ಸೆಲ್ ಕೊಡುವುದು ನೈತಿಕವಲ್ಲ. ಯಾರಾದರೂ ನಿಮ್ಮ ಬೆನ್ನಿಗೆ ಇಂಥ ಚಿಕಿತ್ಸೆ ಮಾಡುತ್ತೇನೆಂದರೆ, ಅದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ದಾಖಲಾಗಿದೆಯೇ ಎಂದು ಕೇಳಿ, ನೋಂದಣಿ ಸಂಖ್ಯೆ ಬರೆದುಕೊಳ್ಳಿ, ಸಿಟಿಆರ್‌ಐ ಜಾಲತಾಣದಲ್ಲಿ ನೀವೇ ನೋಡಿ. ಸಂಖ್ಯೆ ಕೊಡದಿದ್ದರೆ ಎದ್ದು ಬನ್ನಿ.